ಡೇರಿ ಗೋಡೆಯ ಮೇಲಿನ ಪದ್ಯ

“ಯಾ ಅಲ್ಲಾ, ಹಾಲಿನ ಡೇರಿಗೆ ಇಷ್ಟು ಗಟ್ಟಿ ಬೀಗ ಹಾಕಿರೋರು ಯಾರು?”

ಉಮ್ಮೆ ಹಬೀಬಾ ಕೇಳಿದ್ದು ನನ್ನನ್ನಲ್ಲ. ಲ್ಯಾಬಿನ ಫ್ಯಾನಿನ ಕಡೆ ಮುಖ ಎತ್ತಿ ಕೇಳಿದಳು. ಎರಡು ದಿನದಿಂದ ನಮ್ಮ ಕಂಪ್ಯೂಟರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಡೇರಿಯ ಐದು ಜನರ ಪಾಸ್‌ವರ್ಡುಗಳಲ್ಲಿ ಒಂದೂ ಒಡೆದಿರಲಿಲ್ಲ.

ಅವಳು ಹೊಸಕೋಟೆಯವಳು, ನಾನು ಸೂಲಿಬೆಲೆ ಪಕ್ಕದ ಹಳ್ಳಿಯವಳು. ಬಿಸಿಎ ಮುಗಿಸಿ ಇಬ್ಬರೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಭದ್ರತೆಯ ಎಂ.ಎಸ್ಸಿ. ಓದುತ್ತಿದ್ದೆವು. ಕೊನೆಯ ಪ್ರಾಜೆಕ್ಟಿಗೆ ಯಾವುದಾದರೂ ಸಂಸ್ಥೆಯ ಅನುಮತಿ ಪಡೆದು, ಅದರ ವ್ಯವಸ್ಥೆಯಲ್ಲಿ ಎಲ್ಲೆಲ್ಲಿ ಬಿರುಕಿದೆಯೆಂದು ಹುಡುಕಿ ವರದಿ ಕೊಡಬೇಕು. ನಾನು ನಮ್ಮೂರ ಹಾಲಿನ ಸೊಸೈಟಿಯನ್ನು ಆರಿಸಿಕೊಂಡೆ. ಅಪ್ಪ ರಾಮಾಂಜಿನಪ್ಪ ಅಲ್ಲಿಯ ಕಾರ್ಯದರ್ಶಿ. ನಿರ್ದೇಶಕರೆಲ್ಲ ಸಹಿ ಹಾಕಿದ ಪತ್ರ ನನ್ನ ಚೀಲದಲ್ಲಿತ್ತು. ವರದಿಯ ಒಂದು ಪ್ರತಿ ಸೊಸೈಟಿಯ ಸಭೆಗೆ, ಇನ್ನೊಂದು ನಮ್ಮ ಗೈಡ್ ಗೋವಿಂದರಾಜು ಸರ್‌ಗೆ ಎಂಬ ಷರತ್ತೂ ಅದರಲ್ಲಿತ್ತು.

ಕಂಪ್ಯೂಟರು ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ, ಬೀಸಿ ಹಿಟ್ಟು ಮಾಡಿ ಇಡುತ್ತದೆ. ಹಿಟ್ಟನ್ನು ಮತ್ತೆ ರಾಗಿ ಮಾಡಲು ಬರುವುದಿಲ್ಲ. ಆದರೆ ನಾವೂ ಬೇರೆ ಬೇರೆ ಕಾಳು ತಂದು ಬೀಸಿ, ಅದೇ ಹಿಟ್ಟು ಬರುತ್ತದೆಯೇ ಎಂದು ನೋಡಬಹುದು. ಹೆಸರು, ಊರು, ಹುಟ್ಟಿದ ದಿನ, ಸಿನಿಮಾ, ಕೋಟಿಗಟ್ಟಲೆ ಪದಗಳನ್ನು ಬೀಸಿದ್ದಾಗಿತ್ತು.

“ನಿಮ್ಮೂರೋರು ಗ್ರೇಟ್ ಕಣೇ. ನಮ್ಮಣ್ಣ ಬಿಲಾಲ್ ಬ್ಯಾಂಕಲ್ಲಿದ್ದಾನೆ, ಪಾಸ್‌ವರ್ಡ್ ಏನು ಗೊತ್ತಾ? ಬಿಲಾಲ್ ಒನ್ ಟೂ ತ್ರೀ.” ಹಬೀಬಾ ಡಬ್ಬಿ ಬಿಚ್ಚಿದಳು. “ಬಾ, ಊಟ ಮಾಡು. ಅದರ ಪಾಡಿಗೆ ಅದು ಓಡ್ಲಿ.”

ನನಗೆ ಒಳಗೊಳಗೇ ಹೆಮ್ಮೆ. ಬಿಸಿಎ ಮೊದಲ ವರ್ಷದಲ್ಲಿ, ಡೇರಿಗೆ ಕಂಪ್ಯೂಟರು ಬಂದಾಗ, ಅಪ್ಪನಿಗೆ ನಾನೇ ಹೇಳಿದ್ದೆ: “ಹೆಸರು, ತಾರೀಕು ಏನೂ ಬೇಡಪ್ಪ. ಉದ್ದ ಇರ್ಲಿ. ಮರೆಯೋಕೇ ಆಗದಂಥದ್ದು ಇರ್ಲಿ.”

ಡಬ್ಬಿ ಬಿಚ್ಚಿದೆ. ತುತ್ತಿಗೆ ಮುಂಚೆ ರೂಢಿಯಂತೆ ತುಟಿ ಅಲುಗಿತು.

*ಮೊದಲ ಹನಿ ಮಣ್ಣಿಗೆ, ಮರುಹನಿ ಕರುವಿಗೆ,*
*ಉಳಿದುದು ನಮಗೆ ಸಾಕೊ ಮುನಿದೇವನೆ;*
*ಅನ್ಯರ ಪಾಲಿನ ಹನಿಯೊಂದು ನಮ್ಮಯ*
*ಕೈಗೆ ಅಂಟದ ಹಾಗೆ ಕಾಯೊ ತಂದೆ.*

ನಮ್ಮೂರ ಭಜನೆಯ ಅಜ್ಜಯ್ಯ ಕಟ್ಟಿದ ಪದ್ಯ ಅದು. ನಮ್ಮಲ್ಲಿ ಅದನ್ನು ಹೇಳದೆ ಹಸುವಿನ ಕೆಚ್ಚಲು ಮುಟ್ಟುವುದಿಲ್ಲ, ಹೊಸ ಪುಸ್ತಕ ತೆರೆಯುವುದಿಲ್ಲ, ಹೊಸ ಬಾವಿಗೆ ಬಿಂದಿಗೆ ಇಳಿಸುವುದಿಲ್ಲ. ಏನನ್ನು ತೆರೆಯಬೇಕಾದರೂ ಮೊದಲು ಅದೇ.

ಏನನ್ನು ತೆರೆಯಬೇಕಾದರೂ.

ತುತ್ತು ಕೈಯಲ್ಲೇ ಉಳಿಯಿತು. ಎಡಗೈಯಲ್ಲೇ ಆ ಮೊದಲ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲೂ ಜಾಗ ಬಿಡದೆ ಒತ್ತಿದೆ. ಒಂದು ಹೆಸರು ಹಸಿರಾಯಿತು. ಎರಡನೆಯದು. ಐದಕ್ಕೆ ಐದೂ.

ಹಬೀಬಾ ಚಪಾತಿ ಕೆಳಗಿಟ್ಟಳು. “ಏನದು? ಎಲ್ಲಾರ್ದೂ ಒಂದೇನಾ?”

“ನಮ್ಮ ಪದ್ಯ.”

“ಯಾರಿಗ್ ಗೊತ್ತು ಅದು?”

ದಿನಾ ಬೆಳಿಗ್ಗೆ ಮುನೇಶ್ವರನ ಗುಡಿಯ ಮೈಕಿನಲ್ಲಿ ಅದು ಮೂರು ಊರಿಗೆ ಕೇಳುತ್ತದೆ. ಡೇರಿಯ ಗೋಡೆಯ ಮೇಲೆ, ಕಿಟಕಿಯ ಪಕ್ಕದಲ್ಲಿ, ಆಳೆತ್ತರದ ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ.

“ಗೋಡೆ ಮೇಲೆ ಬರ್ದಿದೆ” ಎಂದೆ.

ಅವಳು ನಗಲು ಶುರುಮಾಡಿದವಳು ನನ್ನ ಮುಖ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡಳು.

ಬೀಗ ತೆರೆದ ಮೇಲೆ ಯಾರು ಯಾವಾಗ ಒಳಗೆ ಬಂದು ಏನು ಮುಟ್ಟಿದರು ಎಂಬ ಪಟ್ಟಿ ನೋಡುವುದು ಪಾಠದ ಕ್ರಮ. ಯಂತ್ರದಂತೆ ಅದನ್ನೂ ತೆರೆದೆ. ಮೂರು ಶನಿವಾರ, ಸಂಜೆ ಏಳರಿಂದ ಎಂಟರ ನಡುವೆ, ಕಾರ್ಯದರ್ಶಿಯ ಹೆಸರಿನಲ್ಲಿ ಯಾರೋ ಒಳಗೆ ಬಂದು ಹತ್ತೊಂಬತ್ತು ಸದಸ್ಯರು ಹಾಲು ಹಾಕಿದ ದಿನಗಳನ್ನು ಕಡಿಮೆ ಮಾಡಿದ್ದರು. ಹತ್ತೊಂಬತ್ತೂ ಕೆಳಗಿನ ಬೀದಿಯ ಹೆಂಗಸರು. ಮುನಿರತ್ನಮ್ಮನ ಹೆಸರೂ ಇತ್ತು. ಜ್ವರ ಬಂದ ದಿನವೂ ತಲೆಗೆ ಟವೆಲ್ ಸುತ್ತಿಕೊಂಡು ಕ್ಯಾನು ಹಿಡಿದು ಬರುವವಳು.

ವರ್ಷಕ್ಕೆ ಇಂತಿಷ್ಟು ದಿನ ಹಾಲು ಹಾಕದಿದ್ದರೆ ಸೊಸೈಟಿ ಚುನಾವಣೆಯಲ್ಲಿ ಓಟಿಲ್ಲ. ಚುನಾವಣೆಗೆ ಹದಿನೈದು ದಿನ ಉಳಿದಿತ್ತು. ಹತ್ತೊಂಬತ್ತು ಓಟು ಅಳಿಸಿಹೋಗಿತ್ತು, ಅಳಿಸಿದವನ ಜಾಗದಲ್ಲಿ ರಾಮಾಂಜಿನಪ್ಪ ಎಂದಿತ್ತು.

“ನಿಮ್ಮಪ್ಪ...” ಎಂದಳು ಹಬೀಬಾ.

ಅಪ್ಪನಲ್ಲ. ಶನಿವಾರ ಏಳು ಗಂಟೆಗೆ ಅಪ್ಪ ಗುಡಿಯಲ್ಲಿ ತಾಳ ಹಿಡಿದು ಕೂತಿರುತ್ತಾನೆ. ನಾನು ಕಂಬಕ್ಕೊರಗಿ ಕೂತು ಕೇಳುತ್ತಿರುತ್ತೇನೆ. ಮಾತು ಬರುವ ಮುಂಚಿನಿಂದಲೂ ಅದೇ ಕಂಬ. ಆದರೆ ಡೇರಿಯ ಲೆಕ್ಕದ ತಂತ್ರಾಂಶವನ್ನು ಎಲ್ಲಿಂದ ಬೇಕಾದರೂ, ಫೋನಿನಲ್ಲೂ ತೆರೆಯಬಹುದಿತ್ತು. ಕಾಗದದ ಮೇಲೆ ಅಪ್ಪನೇ ಕಳ್ಳ.

ಸಂಜೆ ಊರಿಗೆ ಹೊರಟು, ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸಿ ಕಿಟಕಿ ಪಕ್ಕ ಕೂತೆ. ಪ್ರತಿ ಶನಿವಾರದ ಭಜನೆಯನ್ನು ನಾನು ಫೋನಿನಲ್ಲಿ ತುಂಬಿಕೊಂಡಿರುತ್ತೇನೆ. ಹೋಗುವ ಬರುವ ದಾರಿಗೆ ಅದೇ ಜೊತೆ. ಅಂದು ಸಮಾಧಾನಕ್ಕೆಂದು ಕಿವಿಗೆ ಹಾಕಿಕೊಂಡೆ. ಆ ಮೂರು ಶನಿವಾರಗಳಲ್ಲಿ ಮೊದಲನೆಯದು.

ಪದ್ಯದ ಮೊದಲ ಎರಡು ಸಾಲು ಎಂದಿನಂತೆ ಬಂತು. ಮೂರನೆಯ ಸಾಲಿಗೆ ಒಂದು ಉಸಿರಿನಷ್ಟು ತೆರಪು. ಆಮೇಲೆ ಅಪ್ಪನ ದನಿ, ಎತ್ತರಕ್ಕೆ ಏರಲಾಗದೆ ಒಡೆದು, “ಅನ್ಯರ ಪಾಲಿನ...”

ಆ ಸಾಲು ಅಪ್ಪನದಲ್ಲ. ಅದನ್ನು ಎತ್ತುವವರು ಬೈರಣ್ಣ ದೊಡ್ಡಪ್ಪ, ಪದ್ಯ ಕಟ್ಟಿದ ಅಜ್ಜಯ್ಯನ ಮಗ. ಸೊಸೈಟಿಯ ನಿರ್ದೇಶಕರು, ಈ ಸಲ ಅಧ್ಯಕ್ಷರಾಗಲು ಓಡಾಡುತ್ತಿರುವವರು. ನಮಗೆ ರಕ್ತಸಂಬಂಧವಿಲ್ಲ, ಆದರೆ ನನ್ನ ಬಾಯಿಗೆ ಮೊದಲು ಪದ್ಯ ಹಾಕಿದವರು ಅವರೇ.

ಎರಡನೆಯ ಶನಿವಾರ ಹಾಕಿದೆ. ಅದೇ ತೆರಪು, ಅದೇ ಒಡಕು ದನಿ. ಮೂರನೆಯದು. ಬಸ್ಸಿನಲ್ಲಿ ಯಾರೋ ಕಾಲು ತುಳಿದರು, ಸಾರಿ ಕಣಮ್ಮ ಅಂದರು. ತಿರುಗಿ ನೋಡಲೂ ಆಗಲಿಲ್ಲ. ಅವುಗಳ ಹಿಂದಿನ, ಮುಂದಿನ ಶನಿವಾರಗಳನ್ನು ಕೇಳಿದೆ. ಅವುಗಳಲ್ಲಿ ದೊಡ್ಡಪ್ಪ ಇದ್ದರು. ಆ ಸಾಲು ನೆಟ್ಟಗೆ ಮೇಲೇರಿ, ಗುಡಿಯ ಸೂರಿಗೆ ತಾಗಿ ಇಳಿಯುತ್ತಿತ್ತು. ಸೂಲಿಬೆಲೆ ದಾಟಿದ್ದು, ಇಳಿಯಬೇಕಾದ ಜಾಗ ಹಿಂದೆ ಉಳಿದದ್ದು ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಅಪ್ಪನಿಗೆ ಪಟ್ಟಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನೇ ಮತ್ತೆ ಮತ್ತೆ ಓದಿದ.

“ಅವತ್ತು ನೀನೇ ಅಲ್ವೇನಮ್ಮ ಅಂದಿದ್ದು, ಮರೆಯೋಕಾಗದಂಥದ್ದು ಇಡಿ ಅಂತ? ನಾನೇ ಐದು ಜನಕ್ಕೂ ಹೇಳ್ಕೊಟ್ಟೆ. ದೇವ್ರ ಪದ್ಯ ಇಟ್ಟು ಯಾರಾದ್ರೂ ಕಳ್ತನ ಮಾಡ್ತಾರಾ ಅಂದ್ಕೊಂಡೆ.”

“ದೊಡ್ಡಪ್ಪ ಮೂರು ವಾರ ಭಜನೆಗೆ ಯಾಕೆ ಬರ್ಲಿಲ್ಲ?”

“ಅನುಗೊಂಡನಹಳ್ಳೀಲಿ ಮಗಳ ಮನೆಗೆ ಹೋಗಿದ್ದೆ ಅಂದ.” ಹೇಳಿ ಮುಗಿಸುವಷ್ಟರಲ್ಲಿ ಅಪ್ಪನಿಗೆ ಅರ್ಥವಾಯಿತು. ಕನ್ನಡಕ ತೆಗೆದ. “ಲೇ, ಬಾಯಿ ಮುಚ್ಚು. ಅಜ್ಜಯ್ಯನ ಮಗ ಅವನು.”

ಮಾರನೆಯ ಬೆಳಿಗ್ಗೆ ಹಾಲು ಹಾಕುವವರೆಲ್ಲ ಹೋದ ಮೇಲೆ ಡೇರಿಯಲ್ಲಿ ವರದಿಯ ಪ್ರತಿ ಮುದ್ರಿಸುತ್ತಿದ್ದೆ. ಅಪ್ಪ ಕ್ಯಾನು ತೊಳೆಯುತ್ತಿದ್ದ. ಬೈರಣ್ಣ ದೊಡ್ಡಪ್ಪ ಬಂದರು, ಹಣೆಯ ವಿಭೂತಿ ಇನ್ನೂ ಹಸಿಯಿತ್ತು.

“ಏನವ್ವ ಸಿಂಧು, ಪರೀಕ್ಷೆ ಮುಗೀತಾ? ನಮ್ಮ ಡೇರಿ ಪಾಸೋ ಫೇಲೋ?”

“ಫೇಲ್, ದೊಡ್ಡಪ್ಪ.”

ಅವರು ನಕ್ಕರು. ಆ ಮೂರು ಶನಿವಾರಗಳ ಪಟ್ಟಿಯಿದ್ದ ಆರನೆಯ ಪುಟವನ್ನು ಕೈಗೆ ಕೊಟ್ಟೆ. ಓದುತ್ತ ಓದುತ್ತ ನಗು ಎಲ್ಲೋ ಇಳಿದುಹೋಯಿತು. ಯಾರು, ಏನು ಎಂದು ಕೇಳಲಿಲ್ಲ. ನನಗೆ ಸಿಡಿಲು ಬಡಿದದ್ದು ಆಗ. ಅಲ್ಲಿಯತನಕ, ನನ್ನ ಕಿವಿಯೇ ಸುಳ್ಳು ಹೇಳಿರಲಪ್ಪ ಎಂದು ಮುನೇಶ್ವರನಿಗೆ ಹರಕೆ ಹೊತ್ತಿದ್ದೆ.

“ಇದೊಂದು ಪುಟ ತೆಗೆದುಬಿಡವ್ವ” ಎಂದರು, ಬಹಳ ಮೆತ್ತಗೆ. “ಪಾಸ್‌ವರ್ಡ್ ಸರಿಯಿಲ್ಲ ಅಂತ ಬರಿ, ಬದಲಾಯಿಸ್ತೀವಿ. ಈ ದಿನದ ಲೆಕ್ಕ ಮಿಷಿನ್ ತಪ್ಪು ಅಂತ ಮಾಡು. ನಿನಗೇನು, ಮಾರ್ಕ್ಸ್ ಬಂದ್ರೆ ಸಾಕಲ್ವಾ?”

“ಹತ್ತೊಂಬತ್ತು ಜನದ ಓಟು, ದೊಡ್ಡಪ್ಪ.”

“ಆ ಬೀದಿಯೋರು ಯಾವತ್ತು ನಮಗೆ ಹಾಕಿದ್ದಾರೆ?” ದನಿ ಸ್ವಲ್ಪ ಏರಿತು, ಮತ್ತೆ ಇಳಿಯಿತು. “ನೋಡು, ಈ ಪುಟದಲ್ಲಿ ನನ್ನ ಹೆಸರೆಲ್ಲಿದೆ? ನಿಮ್ಮಪ್ಪಂದಿದೆ. ಸಭೇಲಿ ಓದಿದ್ರೆ ನಾಳೆ ಅವನ ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ಅವನು ಭಜನೇಲಿ ಫೋನು ಮುಟ್ಲೇ ಇಲ್ಲ ಅಂತ ಹೇಳೋರು ಯಾರು? ನೀನಾ? ಮಗಳ ಮಾತು ಯಾರು ಕೇಳ್ತಾರೆ? ನನ್ನ ದನಿ ಇರ್ಲಿಲ್ಲ ಅನ್ನೋದನ್ನ ಪುರಾವೆ ಅಂತ ತಗೊಂಡ್ಹೋಗ್ತೀಯಾ?”

ದನಿಯ ವಿಷಯ ನಾನು ಎತ್ತೇ ಇರಲಿಲ್ಲ, ಆ ಪುಟದಲ್ಲೂ ಬರೆದಿರಲಿಲ್ಲ.

ಅಪ್ಪನ ಕಡೆ ನೋಡಿದೆ. ಅವನ ಕೈಯಲ್ಲಿ ಕ್ಯಾನಿನ ಮುಚ್ಚಳವಿತ್ತು, ನೀರು ಅದರಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಅವನು ನನ್ನನ್ನೂ ನೋಡಲಿಲ್ಲ, ದೊಡ್ಡಪ್ಪನನ್ನೂ ನೋಡಲಿಲ್ಲ. ಕಿಟಕಿಯಾಚೆ ಮುನಿರತ್ನಮ್ಮ ಮರೆತುಹೋಗಿದ್ದ ಟವೆಲ್ ತೆಗೆದುಕೊಳ್ಳಲು ವಾಪಸು ಬರುತ್ತಿದ್ದಳು.

“ನಿನಗೆ ಬಾಯಿ ಕೊಟ್ಟೋನು ನಾನು ಸಿಂಧು” ಎಂದರು ದೊಡ್ಡಪ್ಪ. ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ. “ನನಗೋಸ್ಕರ ಬೇಡ. ನಿಮ್ಮಪ್ಪನಿಗೋಸ್ಕರ ತೆಗಿ.”

ಪುಟವನ್ನು ಅವರ ಕೈಯಿಂದ ತೆಗೆದುಕೊಂಡು ಐದರ ಕೆಳಗೆ, ಏಳರ ಮೇಲೆ ಇಟ್ಟು ಪಿನ್ನು ಹೊಡೆದೆ.

“ಆಗಲ್ಲ ದೊಡ್ಡಪ್ಪ. ತೆಗೆಯಲ್ಲ.”