ಬದುಕಿ ಬಂದವರ ಧರಣಿ

ಬಸರೀಕಟ್ಟಿಯ ಸರಕಾರಿ ದವಾಖಾನೆಯ ಬಾಗಿಲಿಗೆ ಜೂನ್ ತಿಂಗಳಲ್ಲಿ ಒಂದು ಹಾಳೆ ಅಂಟಿಸಿದರು. ಮುಂದಿನ ತಿಂಗಳಿಂದ ಸಂಜೆ ಐದರ ನಂತರ ಇಲ್ಲಿ ತುರ್ತು ಚಿಕಿತ್ಸೆ ಇರುವುದಿಲ್ಲ, ರೋಗಿಗಳು ತಾಲೂಕು ಆಸ್ಪತ್ರೆಗೆ ಹೋಗತಕ್ಕದ್ದು ಎಂದು ಅದರಲ್ಲಿತ್ತು. ಉಳಿವೆಪ್ಪ ಅದನ್ನು ಓದಿದ, ಗೊಬ್ಬರದ ಚೀಲ ಗಾಡಿಗೆ ಹೇರಿಕೊಂಡು ಹೊಲಕ್ಕೆ ಹೋದ. ಸಂಜೆ ಮಾತಿನ ಮಧ್ಯೆ ಹೆಂಡತಿಗೆ ಹೇಳಿದಾಗ, ರೊಟ್ಟಿ ಬಡಿಯುತ್ತಿದ್ದ ಸವಿತಾಳ ಕೈ ನಿಂತಿತು.

"ಹ್ವಾದ ವರ್ಷ ನಿಮಗ ಹಾವು ಕಡದಾಗ ಎಷ್ಟ ಹೊತ್ತಾಗಿತ್ತು, ನೆನಪೈತೇನ್ರಿ? ಆರು ಗಂಟೆ."

"ಆ ವೀರಭದ್ರಸ್ವಾಮಿ ಕಾಯ್ದ."

"ಕಾಯ್ದ, ಖರೆ. ಬಾಗಲಾ ತಗದು ಒಳಗ ಕರಕೊಂಡಾಕಿ ಮಾತ್ರ ಇಮಾಮಬಿ ಸಿಸ್ಟರ್."

"ಅದಕ್ಕ ಆಕಿಗೆ ಸರಕಾರ ಪಗಾರ ಕೊಡತೈತಿ," ಎಂದು ಉಳಿವೆಪ್ಪ ತಾಟಿಗೆ ಕೈ ಹಾಕಿದ.

ಆ ನರ್ಸಿನ ಮೇಲೆ ಅವನಿಗೊಂದು ಸಿಟ್ಟೂ ಇತ್ತು. ಗೋವಿನಜೋಳದ ಹೊಲದಲ್ಲಿ ಕಳೆ ಕೀಳುವಾಗ ನಾಗರಹಾವು ಬಲಗೈಗೆ ಕಡಿದಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರ ಬಂದು ನೋಡಿದರೆ, ಆ ಕೈಯಲ್ಲಿದ್ದ ಅಜ್ಜನ ಕಾಲದ ಬೆಳ್ಳಿ ಕಡಗ ಎರಡು ತುಂಡಾಗಿ ದಿಂಬಿನ ಪಕ್ಕದಲ್ಲಿ ಬಿದ್ದಿತ್ತು. ಕತ್ತರಿಸಿದವಳು ಇಮಾಮಬಿ ಎಂದು ಯಾರೋ ಹೇಳಿದ್ದರು. ಆಮೇಲೆ ಎಷ್ಟೋ ಸಲ ಸಂತೆಯಲ್ಲಿ ಎದುರಾದರೂ ಆತ ಮಾತಾಡಿಸಿರಲಿಲ್ಲ.

ಎರಡು ದಿನ ಬಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಅಂಕಿತಾ ಮನೆಗೆ ಬಂದಳು. ದವಾಖಾನೆ ಉಳಿಸುವ ಹೋರಾಟಕ್ಕೆ ಊರೂರು ತಿರುಗುತ್ತಿದ್ದವಳು ಅವಳೇ. ಉಳಿವೆಪ್ಪ ಪೆನ್ನಿಗೆ ಕೈಚಾಚಿದ.

"ಸಹಿ ಬ್ಯಾಡ ಕಾಕಾ. ಸಹಿ ಮಾಡಿದ ಹಾಳಿ ಯಾವದೋ ಕಪಾಟಿನ್ಯಾಗ ಹೋಗಿ ಕುಂದರತಾವು. ನಮಗ ಅಲ್ಲಿಂದ ಬದುಕಿ ಬಂದ ಮಂದಿ ಬೇಕು. ದವಾಖಾನಿ ನೋಡಾಕ ಹಾವೇರಿಯಿಂದ ದೊಡ್ಡ ಸಾಹೇಬ್ರು ಬರಾಕತ್ತಾರ. ಅವತ್ತ ಎಲ್ಲಾರೂ ಸಾಲಾಗಿ ಕುಂದರೂದು, ಒಬ್ಬೊಬ್ಬರ ಎದ್ದು ತಮಗಾದದ್ದ ಹೇಳೂದು. ಅಷ್ಟ."

"ನಾ ಏನ ಹೇಳಲೆವಾ? ನನಗ ಎಚ್ಚರನ ಇರಲಿಲ್ಲ."

"ಎಚ್ಚರ ಇದ್ದವರನ್ನ ಕೇಳ್ರಿ ಮತ್ತ."

ಅದು ಅವನ ಮನಸ್ಸಿಗೆ ನಾಟಿತು. ಮರುದಿನ ಬೆಳಿಗ್ಗೆ ದವಾಖಾನೆಗೆ ಹೋದ. ಆಂಬ್ಯುಲೆನ್ಸ್ ಓಡಿಸುವ ದಿಲಾವರ ಬೇವಿನ ಗಿಡದ ಕೆಳಗೆ ಗಾಡಿ ತೊಳೆಯುತ್ತಿದ್ದ. ಅವತ್ತು ಏನಾಯಿತೆಂದು ಕೇಳಿದ್ದೇ ತಡ, ನಳ ಬಂದ್ ಮಾಡಿ ಕಲ್ಲಿನ ಮೇಲೆ ಕೂತ.

"ಉಳಿವೆಪ್ಪಣ್ಣ, ನಿನ್ನ ಕೈ ಬಾತು ಬೆಳ್ಳಿ ಒಳಗ ಹೂತಿತ್ತು. ಕಡಗಾ ಕತ್ತರಿಸದಿದ್ರ ಕೈನ ಹೋಗತಿತ್ತು. ಸೂಜಿ ಹಾಕಿದ್ರು, ಆದರ ಅಷ್ಟರಾಗ ನಿನ್ನ ಉಸರ ನಿಂತ ಬಿಡ್ತು. ಮೂಗು ಬಾಯಿ ಮ್ಯಾಲ ರಬ್ಬರ್ ಚೀಲ ಇಟ್ಟು ಗಾಳಿ ಒತ್ತಾಕ ಹತ್ತಿದ್ರು ಇಮಾಮಬಿ ಅಕ್ಕಾರು. ಇಲ್ಲಿಂದ ಹಾವೇರಿಗೆ ಐವತ್ತು ನಿಮಿಷ. ಒಂದ ಸಲಾನೂ ಬಿಡಲಿಲ್ಲ. ನಾ ಕನ್ನಡಿಯಾಗ ನೋಡ್ಕೋತ ಓಡಿಸೇನಿ. ತೆಗ್ಗಿನ್ಯಾಗ ಗಾಡಿ ಎಗರಿದಾಗ ಮೊಣಕಾಲ ಮ್ಯಾಲ ಬೀಳತಿದ್ರು, ಮತ್ತ ಏಳತಿದ್ರು. ಅಲ್ಲಿ ಮುಟ್ಟಿದಾಗ ಅವರ ಬೆರಳು ಬಿಚ್ಚಲಿಲ್ಲ. ಡಾಕ್ಟರ್ರ ಒಂದೊಂದ ಬೆರಳ ಬಿಡಿಸಿ ಚೀಲ ತಗೊಂಡ್ರು."

ಉಳಿವೆಪ್ಪ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕಡಗ ಇದ್ದ ಜಾಗವನ್ನು ಸವರಿದ. ಪಗಾರದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಒಳಗೆ ಹೋಗಿ ಇಮಾಮಬಿಯನ್ನು ಕಾಣುವ ಧೈರ್ಯ ಅವತ್ತು ಬರಲಿಲ್ಲ.

ಧರಣಿಯ ದಿನ ದವಾಖಾನೆಯ ಅಂಗಳದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಕೂತಿದ್ದರು. ಘೋಷಣೆ ಇರಲಿಲ್ಲ, ಮೈಕೂ ಇರಲಿಲ್ಲ. ಚಿಕ್ಕೇರೂರಿನ ಒಬ್ಬಳು ಹೆರಿಗೆಯಲ್ಲಿ ರಕ್ತ ನಿಲ್ಲದೆ ಬಂದವಳು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಹೇಳಿದಳು. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದವನೊಬ್ಬ ಅಂಗಿ ಎತ್ತಿ ಹೊಲಿಗೆ ತೋರಿಸಿದ. ಹಾವೇರಿಯಿಂದ ಬಂದ ಅಧಿಕಾರಿ ಮೊದಮೊದಲು ಗಡಿಯಾರ ನೋಡುತ್ತಿದ್ದವರು, ಹತ್ತನೆಯವರ ಹೊತ್ತಿಗೆ ಕುರ್ಚಿ ಬಿಟ್ಟು ಕಟ್ಟೆಯ ಮೇಲೆ ಜನರ ಹತ್ತಿರ ಬಂದು ಕೂತರು.

ಉಳಿವೆಪ್ಪನ ಸರದಿ ಬಂತು. ಸವಿತಾಳ ಎದುರು ಎರಡು ದಿನ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಸಾಹೇಬ್ರ, ಸಂಜಿ ಆರಕ್ಕ ನನಗ ಹಾವು ಕಡೀತು. ಐದಕ್ಕ ಬಾಗಲಾ ಹಾಕಿದ್ರ ನನ್ನ ಹೇಂತಿ ನನ್ನ ಹೆಣಾ ತಗೊಂಡು ಮನಿಗೆ ಹೋಗಬೇಕಿತ್ತು. ನನ್ನ ಉಸರ ನಿಂತಿತ್ರಿ. ಐವತ್ತು ನಿಮಿಷ ನನ್ನ ಉಸರ ಒಬ್ಬ ಹೆಣ್ಮಗಳ ಕೈಯಾಗ ಇತ್ತು." ಸರಕಾರಿ ನೌಕರಳಾದ್ದರಿಂದ ಧರಣಿಗೆ ಬಾರದೆ ಕಿಟಕಿಯ ಹಿಂದೆ ನಿಂತಿದ್ದ ಇಮಾಮಬಿಯ ಕಡೆಗೆ ತಿರುಗಿದ. "ಅಕ್ಕಾರ, ಒಂದ ವರ್ಷ ನಿಮ್ಮ ಜೋಡಿ ಮಾತಾಡಲಿಲ್ಲ. ತಪ್ಪಾತು," ಎಂದು ಎರಡೂ ಕೈ ಮುಗಿದ.

ಕಿಟಕಿಯ ಹಿಂದೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಸರಿದುಹೋದಳು.

ಹನ್ನೆರಡು ದಿನಕ್ಕೆ ಹೊಸ ಆದೇಶ ಬಂತು. ತುರ್ತು ಚಿಕಿತ್ಸೆ ಮೊದಲಿನ ಹಾಗೆ ಹಗಲೂ ರಾತ್ರಿ ಇರುತ್ತದೆ. ಧರಣಿಯಲ್ಲಿ ಜನ ಕೇಳಿದ್ದ ಇನ್ನೊಬ್ಬ ಡಾಕ್ಟರ್ ಮಾತ್ರ ಬರಲಿಲ್ಲ. "ಅದಕ್ಕ ಮತ್ತ ಕುಂದರೂಣು," ಎಂದಳು ಅಂಕಿತಾ, ಪೇಢೆ ಹಂಚುತ್ತ.

ಸವಿತಾ ಶೇಂಗಾ ಹೋಳಿಗೆ ಮಾಡಿ ಡಬ್ಬಿ ಕಟ್ಟಿದಳು. ಗಂಡ ಹೆಂಡತಿ ಇಬ್ಬರೂ ದವಾಖಾನೆಗೆ ಹೋದರು. ಇಮಾಮಬಿ ಮುದುಕಿಯೊಬ್ಬಳ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಉಳಿವೆಪ್ಪ ಬಾಗಿಲಲ್ಲೇ ನಿಂತ.

"ಒಳಗ ಬರ್ರಿ, ಕುಂದರ್ರಿ. ಹೆಂಗೈತಿ ಕೈ?"

"ನೀವ ಉಳಿಸಿದ್ದ ಕೈ ಅಕ್ಕಾರ. ಚಲೋ ಐತಿ." ಉಳಿವೆಪ್ಪ ಬಲಗೈ ಚಾಚಿದ.

ಇಮಾಮಬಿ ಅವನ ಕೈ ಹಿಡಿದು ಬೆರಳು ಮಡಚಿಸಿ, ಬಿಚ್ಚಿಸಿ ನೋಡಿದಳು. ಆಮೇಲೆ ಕೈ ತೊಳೆದು ಬಂದು ಡಬ್ಬಿ ಬಿಚ್ಚಿ, ಒಂದು ಹೋಳಿಗೆಯನ್ನು ಮೊದಲು ಮುದುಕಿಯ ಕೈಗಿಟ್ಟಳು. ತಾನೊಂದು ಮುರಿದು ಬಾಯಿಗೆ ಹಾಕಿಕೊಂಡು, "ಸವಿತಾ, ಹದ ಭಾಳ ಚಲೋ ಬಂದೈತಿ ನೋಡವಾ," ಎಂದಳು.