ನಲವತ್ತು ನಿಮಿಷದ ದಾರಿ

ಅಕ್ಕನ ಊರಿಗೆ ವಿಮಾನದಲ್ಲಿ ನಲವತ್ತು ನಿಮಿಷ. ಬೆಟ್ಟ ಸುತ್ತಿಕೊಂಡು ಹೋಗುವ ಬಸ್ಸಿಗೆ ಒಂದು ಇಡೀ ರಾತ್ರಿ. ಪುಟ್ಟ ವಿಮಾನ ನಿಲ್ದಾಣದ ಕೌಂಟರಿನಲ್ಲೇ ಕೂದಲು ನರೆಸಿಕೊಂಡ ತಮ್ಮನಿಗೆ ಈ ಲೆಕ್ಕ ಬಾಯಿಪಾಠ. ಅದಕ್ಕೇ ಅವನು ಅಕ್ಕನ ಮನೆಗೆ ಹೋದದ್ದು ಕಡಿಮೆ. ಕೈಗೆಟುಕುವ ಹಣ್ಣನ್ನು ಯಾರೂ ಅವಸರದಲ್ಲಿ ಕೀಳುವುದಿಲ್ಲ.

ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸಾಕಿದವಳು ಅಕ್ಕ. ಸಂಜೆ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಮಡಿಲಿಗೆ ಎಳೆದುಕೊಂಡು ದೇವರ ಪದ್ಯವೊಂದನ್ನು ಹೇಳಿಕೊಡುತ್ತಿದ್ದಳು. ಎರಡನೆಯ ಸಾಲಿಗೆ ಅವನು ಎಡವುತ್ತಿದ್ದ, ಅವಳು ಎತ್ತಿಕೊಡುತ್ತಿದ್ದಳು. ಈಗ ಆ ಗಂಟಲಲ್ಲೇ ಗಡ್ಡೆ. ನಾಳೆ ಮಧ್ಯಾಹ್ನ ಧ್ವನಿಪೆಟ್ಟಿಗೆ ತೆಗೆಯುತ್ತಾರೆ, ಆಮೇಲೆ ಮಾತಿಲ್ಲ ಎಂದು ಭಾವ ಫೋನಿನಲ್ಲಿ ಹೇಳುತ್ತಿದ್ದಂತೆ ಅಕ್ಕ ಅದನ್ನು ಕಸಿದುಕೊಂಡಳು.

“ಬಾರೋ. ಆ ಪದ್ಯ ಇನ್ನೊಂದ್ಸಲ ನಿನಗೆ ಹೇಳ್ಬೇಕು. ಫೋನಲ್ಲಲ್ಲ, ಮುಖ ನೋಡ್ಕೊಂಡು.”

ಹೆಂಡತಿ ಆಗಲೇ ಬ್ಯಾಗು ತುಂಬಿ ರಾತ್ರಿ ಬಸ್ಸಿಗೆ ಹೊರಡಿ ಎಂದಳು. ಅವನು ನಕ್ಕ. ಬೆಳಿಗ್ಗೆ ಹತ್ತಿದರೆ ಬಿಸಿಲೇರುವುದರೊಳಗೆ ಅಕ್ಕನ ಮುಂದೆ ಕೂತಿರುತ್ತೇನೆ, ಸೊಂಟ ಮುರಿದುಕೊಳ್ಳುವ ಕರ್ಮ ಯಾಕೆ ಎಂದ.

“ನಿಮ್ಮ ವಿಮಾನ ನಂಬಿ ಕೂತೋರ ಮುಖಾನ ದಿನಾ ನೀವೇ ನೋಡ್ತೀರಲ್ಲ,” ಎಂದಳು ಅವಳು.

ಆ ಕೌಂಟರಿನಲ್ಲಿ ಒಂದು ರೂಢಿಯಿತ್ತು. ಅಲ್ಲಿ ದುಡಿಯುವವರು ಕಾಸು ಕೊಟ್ಟು ಸೀಟು ಕೊಂಡರೆ ನಗೆಪಾಟಲು. ಬಿಟ್ಟಿ ಟಿಕೆಟಿನಲ್ಲಿ ಹೋಗುವುದೇ ದೊಡ್ಡಸ್ತಿಕೆ. ಆದರೆ ಸೆಕೆ ಹೆಚ್ಚಾದ ದಿನ ಆ ಗಿಡ್ಡ ರನ್‌ವೇಯಿಂದ ವಿಮಾನ ತುಂಬುಭಾರ ಹೊತ್ತು ಏಳದು. ಯಾರನ್ನಾದರೂ ಇಳಿಸಲೇಬೇಕು, ಬಿಟ್ಟಿ ಟಿಕೆಟಿನವರನ್ನು ಮೊದಲು. ಇಷ್ಟು ವರ್ಷ ಇಳಿಸುವವನೇ ಆಗಿದ್ದವನಿಗೆ ತಾನೂ ಇಳಿಯಬೇಕಾದೀತೆಂದು ಹೊಳೆದಿರಲಿಲ್ಲ.

ಬೆಳಿಗ್ಗೆ ವಿಮಾನ ತಡವಾಗಿ ಬಂತು. ಅಷ್ಟರಲ್ಲಿ ನೆಲ ಕಾದ ಹೆಂಚಾಗಿತ್ತು. ಅವನು ರೂಢಿಯಂತೆ ಬಿಟ್ಟಿ ಟಿಕೆಟಿನಲ್ಲೇ ಹತ್ತಿ ಕೂತ. ಅವನೇ ಕೆಲಸ ಕಲಿಸಿದ್ದ ಕೌಂಟರಿನ ಹುಡುಗಿ ಸೀಟಿನ ಹತ್ತಿರ ಬಂದು ಬಗ್ಗಿ, ಇಳಿಯಬೇಕೆಂದಳು. ಅವನು ದನಿ ತಗ್ಗಿಸಿ ಅಕ್ಕನ ವಿಷಯ ಹೇಳಿದ. ಅವಳ ಮುಖ ಕಂದಿತು, ನಾಲಿಗೆ ಮಾತ್ರ ಕಲಿತದ್ದನ್ನೇ ಆಡಿತು.

“ಸಂಜೆಗೆ ಇನ್ನೊಂದಿದೆ ಸಾರ್. ನಲವತ್ತು ನಿಮಿಷದ ದಾರಿ ತಾನೆ.”

ಅದು ಅವನದೇ ಮಾತು. ಎಷ್ಟು ಜನರ ಕಣ್ಣೀರಿನ ಮೇಲೆ ಅದನ್ನು ನಯವಾಗಿ ಹಾಸಿದ್ದನೋ ಅವನಿಗೇ ತಿಳಿಯದು. ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದ. ವಿಮಾನ ಹಗುರಾಗಿ ಎದ್ದು ಹೋಯಿತು.

ಸಂಜೆಯ ವಿಮಾನ ನಲವತ್ತೇ ನಿಮಿಷಕ್ಕೆ ಮುಟ್ಟಿಸಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾವ ಬೈಯಲಿಲ್ಲ.

“ಒಳಗೆ ಕರ್ಕೊಂಡು ಹೋಗೋವರೆಗೂ ಬಾಗಿಲೇ ನೋಡ್ತಿದ್ಲು. ಕೊನೆಗೆ ಕಸ ಗುಡಿಸೋ ಆಯಾನ ಕೂರಿಸ್ಕೊಂಡು ಅವಳಿಗೆ ಹೇಳಿದ್ಲಪ್ಪ ಪದ್ಯಾನ.”

ಮರುದಿನ ಅಕ್ಕ ಕಣ್ಣು ತೆರೆದಳು. ತಮ್ಮನನ್ನು ಗುರುತು ಹಿಡಿದು, ಬೆರಳೆತ್ತಿ ಅವನ ತುಟಿ ಮುಟ್ಟಿದಳು. ನೀನೇ ಹೇಳು ಎಂದು. ಅವನು ಕೈಮುಗಿದು ಶುರುಮಾಡಿದ. ಮೊದಲ ಸಾಲು ಬಂತು. ಎರಡನೆಯದಕ್ಕೆ ಎಡವಿದ.

ಎತ್ತಿಕೊಡಲು ಅವಳು ಬಾಯಿ ತೆರೆದಳು. ಕೊರಳಿನ ಕೊಳವೆಯಲ್ಲಿ ಗಾಳಿ ಮಾತ್ರ ಸುಯ್ಯೆಂದಿತು.