ಎಂಟು ಸೆಕೆಂಡಿನ ಗುಂಡಿ

"ಇನ್ನೊಂದ್ಸಲ ಹಾಕು," ಎಂದರು ಅಪ್ಪ. ಹೀಗೆ ಹೇಳುತ್ತಿರುವುದು ಮೂರನೆಯ ಸಲ. ಮಗಳು ಲ್ಯಾಪ್‌ಟಾಪಿನಲ್ಲಿ ಇನ್ನೂ ಬಿಡುಗಡೆಯಾಗದ ಸಿನಿಮಾದ ದೃಶ್ಯವನ್ನು ಮತ್ತೆ ಮೊದಲಿಗೆ ತಂದಳು.

ದರ್ಜಿಯ ಪಾತ್ರದಲ್ಲಿದ್ದ ನಟ ಅಂಗಡಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡ. ಮರುಕ್ಷಣ ಎರಡು ಕೈಗಳಷ್ಟೇ ಕಂಡವು. ಬಟ್ಟೆ ಮಡಿಸಿ, ದಾರ ಪೋಣಿಸಿ, ಶರ್ಟಿಗೆ ಗುಂಡಿ ಹಚ್ಚಿದವು. ಆ ಕೈಗಳು ನಟನವಲ್ಲ, ಅಪ್ಪನವು.

ಮಗಳ ಕಸುಬೇ ಅದು. ಸರಿಯುವ ಮೋಡ, ಕುದಿಯುವ ನೀರು, ರೈಲು ಹತ್ತುವ ಕಾಲುಗಳು ಎಂದು ಬಿಡಿಬಿಡಿ ದೃಶ್ಯಗಳನ್ನು ತೆಗೆದು ಒಂದು ವಿಡಿಯೊ ಸಂಗ್ರಹಕ್ಕೆ ಕೊಡುತ್ತಿದ್ದಳು. ಸಿನಿಮಾದವರು, ಜಾಹೀರಾತಿನವರು ಬೇಕಾದ್ದನ್ನು ಅಲ್ಲಿಂದ ಕೊಂಡು ತಮ್ಮ ಚಿತ್ರದಲ್ಲಿ ಸೇರಿಸಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಅಪ್ಪನ ಅಂಗಡಿಯಲ್ಲಿ ತೆಗೆದ ಈ ತುಣುಕುಗಳು ಆಗಲೇ ಒಂದು ಕಣ್ಣಾಸ್ಪತ್ರೆಯ ಜಾಹೀರಾತಿಗೂ ಒಂದು ವಿಮಾ ಕಂಪನಿಯ ಜಾಹೀರಾತಿಗೂ ಹೋಗಿಬಂದಿದ್ದವು. ಸಂಗ್ರಹದಲ್ಲಿ ಅವನ್ನು 'ವೃದ್ಧ, ಕೈ, ಸೂಜಿ' ಎಂದು ನಮೂದಿಸಿದ್ದಳು. ಕೈಯೂ ಸೂಜಿಯೂ ಸರಿ, ವೃದ್ಧ ಯಾರು ಎಂದು ಅಪ್ಪ ಆಗ ಕೇಳಿದ್ದರು.

ಏಳು ತಿಂಗಳ ಹಿಂದೆ ಅವರ ಬಲಭಾಗಕ್ಕೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲೂ ಮುಕ್ಕಾಲು ಪಾಲು ಮರಳಿತು. ಬಲಗೈಯ ಬೆರಳುಗಳು ಮಾತ್ರ ಮರಳಲಿಲ್ಲ. ನಲವತ್ತೊಂದು ವರ್ಷ ನಡೆದ ಅಂಗಡಿಯ ಬಾಗಿಲು ಅಂದು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಅಲ್ಲಿಂದೀಚೆಗೆ ಅಪ್ಪ ಸೂಜಿ ಮುಟ್ಟಿರಲಿಲ್ಲ. ಈ ಸಿನಿಮಾಕ್ಕಾಗಿ ಕಾದಿದ್ದರು. ದೊಡ್ಡ ಪರದೆಯ ಮೇಲೆ ತಮ್ಮ ಕೈ ಕೆಲಸ ಮಾಡುವುದನ್ನು ನೋಡಬೇಕು ಎಂದು ಬಂದವರಿಗೆಲ್ಲ ಹೇಳಿದ್ದರು.

"ಇದು ಹೆಂಗಸರ ಶರ್ಟು," ಎಂದರು ಈಗ. "ಗುಂಡಿ ಎಡಗಡೆ ಪಟ್ಟಿಗೆ ಹೋಗಿದೆ. ಜೇಬು ಬಲಗಡೆಗೆ ಬಂದಿದೆ. ನಾನು ಹೊಲಿದಿದ್ದು ಗಂಡಸರ ಶರ್ಟು."

ಮಗಳು ಬಗ್ಗಿ ನೋಡಿದಳು. ನಿಜವಾಗಿತ್ತು. ನಟ ಎಡಚ. ಅವನಿಗೆ ಹೊಂದಲೆಂದು, ದೃಶ್ಯ ಕಳಿಸಿದ್ದ ಸಿನಿಮಾದ ಸಂಕಲನಕಾರ್ತಿ ತುಣುಕುಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದಳು. ಅಪ್ಪನ ಬಲಗೈ ಎಡಗೈಯಾಗಿತ್ತು, ಜೊತೆಗೆ ಶರ್ಟೂ ತಿರುಗಿತ್ತು.

ಫೋನು ಮಾಡಿದಾಗ ಸಂಕಲನಕಾರ್ತಿ ದೃಶ್ಯವನ್ನು ತೆರೆದು ನೋಡಿದಳು. ಹದಿನೈದು ಜನ ಈ ದೃಶ್ಯ ನೋಡಿದ್ದಾರೆ, ಯಾರೂ ಹೇಳಲಿಲ್ಲ ಎಂದಳು. ಬಟ್ಟೆ ಮಡಿಸುವುದಕ್ಕೆ, ದಾರ ಪೋಣಿಸುವುದಕ್ಕೆ ತೊಂದರೆಯಿಲ್ಲ, ಗುಂಡಿಯದಷ್ಟೇ ತಪ್ಪು. ಶುಕ್ರವಾರ ನಾಲ್ಕು ಗಂಟೆಯೊಳಗೆ ಅದೇ ಕೈಗಳ ಬೇರೆ ತುಣುಕು ಕೊಟ್ಟರೆ ಬದಲಾಯಿಸಬಹುದು, ಇಲ್ಲದಿದ್ದರೆ ಇದೇ ಹೋಗುತ್ತದೆ. ದರ್ಜಿಗಳಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಾಗಲ್ಲ ಎಂದು ಸಮಾಧಾನವನ್ನೂ ಹೇಳಿದಳು.

ಮಗಳು ಅದನ್ನು ಅಪ್ಪನಿಗೆ ತಿಳಿಸಿದಳು.

"ದರ್ಜಿಗಳು ಸಿನಿಮಾ ನೋಡಲ್ವಂತಾ?" ಎಂದರು ಅಪ್ಪ.

ಅಂದು ಬುಧವಾರ. ಬೇರೆ ದರ್ಜಿಯ ಕೈ ಆಗುವುದಿಲ್ಲ. ಗುಂಡಿಗೆ ಮುಂಚೆ ಬರುವ ಎರಡು ತುಣುಕುಗಳಲ್ಲೂ ಅಪ್ಪನ ಗಂಟುಗಂಟು ಬೆರಳುಗಳು ಹತ್ತಿರದಿಂದ ಕಾಣುತ್ತಿದ್ದವು. ಏನೂ ಮಾಡಲಿಕ್ಕಾಗಲ್ಲ ಬಿಡಪ್ಪ ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಅಪ್ಪ ತಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದರು.

"ಅವನಿಗೆ ಬೇಕಾಗಿರೋದು ಎಡಗೈ ತಾನೆ? ಇದಕ್ಕೇನಾಗಿದೆ? ಸೋಮಾರಿ ಅಷ್ಟೆ. ಇಷ್ಟು ವರ್ಷ ಬಟ್ಟೆ ಹಿಡ್ಕೊಂಡು ಕೂತಿತ್ತು."

ಹಳೆಯ ಬಟ್ಟೆಯ ತುಂಡುಗಳು ಬಂದವು, ಗುಂಡಿಯ ಡಬ್ಬಿ ಬಂತು. ಅಮ್ಮ ದಾರ ಪೋಣಿಸಿಕೊಟ್ಟಳು. ಅಪ್ಪ ಬಲಗೈಯನ್ನು ಬಟ್ಟೆಯ ಮೇಲೆ ಭಾರಕ್ಕೆಂದು ಇಟ್ಟರು. ನಲವತ್ತು ವರ್ಷ ಯಜಮಾನಿಕೆ ಮಾಡಿದವನು, ಈಗ ಆಳಿನ ಕೆಲಸ ಮಾಡಲಿ ಎಂದರು. ಸೂಜಿ ಗುಂಡಿಯ ತೂತು ಬಿಟ್ಟು ಉಳಿದೆಲ್ಲ ಕಡೆ ಹೋಯಿತು. ಮೊದಲ ಗುಂಡಿ ಮುಗಿಯುವ ಹೊತ್ತಿಗೆ ಬಲಗೈಯ ತೋರುಬೆರಳಿಗೆ ಐದಾರು ಕಡೆ ಚುಚ್ಚಿತ್ತು.

"ನೋಯಲ್ವೇನ್ರಿ?" ಎಂದಳು ಅಮ್ಮ.

"ಅದಕ್ಕೆ ಗೊತ್ತಾದ್ರೆ ತಾನೆ ನೋಯೋದು."

ಅಮ್ಮ ನಗಲಿಲ್ಲ. ಹತ್ತಿ ತಂದು ಆ ಬೆರಳು ಒರೆಸಿದಳು. ಗುರುವಾರ ಸಂಜೆಯ ಹೊತ್ತಿಗೆ ಹನ್ನೊಂದು ಗುಂಡಿಗಳು ಕೂತಿದ್ದವು. ಅವುಗಳಲ್ಲಿ ಮೂರನ್ನು ಮಾತ್ರ ಅಪ್ಪ ಲೆಕ್ಕಕ್ಕೆ ಹಿಡಿದರು. ಉಳಿದವನ್ನು ಎಳೆದು ನೋಡಿ, ಗಿರಾಕಿ ವಾಪಸ್ ತರ್ತಾನೆ ಎಂದು ಕಿತ್ತು ಹಾಕಿದರು.

ಶುಕ್ರವಾರ ಹನ್ನೊಂದಕ್ಕೆ ಮುಂದಿನ ಕೋಣೆಯ ಕಿಟಕಿಯಿಂದ ಹದವಾದ ಬೆಳಕು ಬಿದ್ದಿತ್ತು. ಮಗಳು ಅಂಗಡಿಯ ಮೇಜಿನ ಹಲಗೆಯನ್ನು ತರಿಸಿ ಹಾಸಿದಳು, ಗೋಡೆಯ ಕ್ಯಾಲೆಂಡರ್ ತೆಗೆದಳು. ಬಲಗೈಯ ಚುಚ್ಚಿದ ಬೆರಳು ಕಾಣದಂತೆ ಶರ್ಟಿನ ಮಡಿಕೆಯನ್ನು ಸರಿಮಾಡಿದಳು. ಕ್ಯಾಮೆರಾ ಹತ್ತಿರಕ್ಕೆ ತಂದಾಗ ಎಡಗೈಯ ಸೂಜಿ ಗುಂಡಿಯ ತೂತು ತಪ್ಪಿತು. ಅಪ್ಪ ಕೆಳಗಿಟ್ಟು, ಉಸಿರು ಬಿಟ್ಟು, ಮತ್ತೆ ಎತ್ತಿಕೊಂಡರು. ಎರಡನೆಯ ಸಲವೂ ಹಾಗೇ ಆಯಿತು. ಬೇಡ ಅನ್ನಿಸಿದರೆ ಬಿಡೋಣ ಎಂದಳು ಮಗಳು.

"ನೀನು ನನ್ನ ಕೈ ನೋಡ್ಬೇಡ. ಗುಂಡಿ ನೋಡು. ನಾನೂ ಅದನ್ನೇ ನೋಡ್ತೀನಿ."

ಮೂರನೆಯ ಸಲ ಸೂಜಿ ಕೆಳಗಿನಿಂದ ನೇರ ತೂತಿಗೇ ಬಂತು. ನಾಲ್ಕು ತೂತು, ಅಡ್ಡಕ್ಕೆರಡು ಸುತ್ತು, ಗುಂಡಿಯ ಬುಡದ ಕೊರಳಿಗೆ ಮೂರು ಸುತ್ತು, ಗಂಟು. ಬಲಗೈಗೆ ಅರ್ಧ ನಿಮಿಷ ಸಾಕಾಗುತ್ತಿದ್ದ ಕೆಲಸಕ್ಕೆ ಎಡಗೈಗೆ ನಾಲ್ಕು ನಿಮಿಷ ಹಿಡಿಯಿತು. ಗುಂಡಿ ಬಲಗಡೆಯ ಪಟ್ಟಿಯ ಮೇಲೆ ಕೂತಿತ್ತು.

ಸಂಕಲನಕಾರ್ತಿ ಅದರಿಂದ ಎಂಟು ಸೆಕೆಂಡು ಆರಿಸಿಕೊಂಡಳು. ಮೂರೂವರೆಗೆ ಅವಳ ಫೋನು ಬಂತು. ತುಣುಕು ಕೂತಿದೆ, ತಿರುಗಿಸುವ ಅಗತ್ಯವೇ ಬರಲಿಲ್ಲ ಎಂದಳು. ಕೈ ಯಾಕೆ ಇಷ್ಟು ನಿಧಾನ ಎಂದು ನಿರ್ದೇಶಕ ಮೊದಲು ಕೇಳಿದನಂತೆ. ಇನ್ನೊಮ್ಮೆ ನೋಡಿ, ಹಾಗೇ ಇರಲಿ ಎಂದನಂತೆ. ಮಗಳು ಇದನ್ನೆಲ್ಲ ಅಪ್ಪನಿಗೆ ಹೇಳಿದಳು. ಅವರು ಶರ್ಟಿನ ಗುಂಡಿಯನ್ನು ಒಮ್ಮೆ ಎಳೆದು ನೋಡಿ, ಕೀಳದೆ ಬಿಟ್ಟರು.

ಮಗಳು ಕ್ಯಾಮೆರಾದ ಸ್ಟ್ಯಾಂಡನ್ನು ಮಡಚುತ್ತಿದ್ದಳು. ಅಮ್ಮ ಒಳಗಿನಿಂದ ಹೊಲಿಗೆ ಬಿಟ್ಟ ಎರಡು ದಿಂಬಿನ ಚೀಲ ತಂದಳು. ಅವನ್ನು ಅಪ್ಪನ ಎಡಗಡೆಗೆ, ಕೈಗೆ ಸಿಗುವಷ್ಟು ದೂರದಲ್ಲಿಟ್ಟು, ಒಲೆಯ ಮೇಲಿನ ಹಾಲು ನೋಡಲು ಹೋದಳು.